ಹತ್ತು ಪಟ್ಟು ಕೊಡ್ತಾರಂತೆ!

ಭಾನುವಾರ ಬೆಳಿಗ್ಗೆ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಮೆಸೇಜು ಹಾಕಿದರು. ತಲೆಯ ಮೇಲೆ ಎರಡು ಬಾಣ. ಅಂದರೆ ಎಷ್ಟೋ ಗುಂಪು ಸುತ್ತಿ ಬಂದ ಸರಕು.

"ತಪ್ಪದೆ ಓದಿ. ಅಪಘಾತದಲ್ಲಿ ಸತ್ತವರು ಹಿಂದಿನ ಮೂರು ವರ್ಷ ಇನ್‌ಕಂ ಟ್ಯಾಕ್ಸ್ ರಿಟರ್ನ್ ಕಟ್ಟಿದ್ದರೆ, ಅವರ ಸರಾಸರಿ ವರ್ಷದ ಆದಾಯದ ಹತ್ತು ಪಟ್ಟು ಹಣ ಸರ್ಕಾರವೇ ಕೊಡಬೇಕು. ಮೋಟಾರು ವಾಹನ ಕಾಯ್ದೆ 1988, ಕಲಂ 166. ವಕೀಲರು ಇದನ್ನು ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ."

ಕೆಳಗೆ ಒಂದು ಲಾರಿಯ ಚಿತ್ರ. ಸ್ಟೀರಿಂಗ್ ಎಡಕ್ಕೆ, ರಸ್ತೆ ಬದಿಗೆ ಹಿಮ. ಕಲಬುರಗಿಯ ಬಿಸಿಲಲ್ಲಿ ಕೂತು ಇಷ್ಟು ಜನ ನೋಡಿದರು, ಹಿಮ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ. ಕೈ ಮುಗಿದ ಇಮೋಜಿ ಮಾತ್ರ ಸಾಲಾಗಿ ಬಂದವು.

ದೊಡ್ಡಪ್ಪ ಸುಮ್ನೆ ಹಾಕಿದ್ದಲ್ಲ. ಶಹಾಬಾದ್ ಅಕ್ಕನ ಗಂಡನಿಗೆ ಹೋದ ತಿಂಗಳು ವಾಡಿ ರಸ್ತೆಯಲ್ಲಿ ಸಿಮೆಂಟ್ ಲಾರಿ ಬಡಿದಿದೆ. ಚಹಾ ಅಂಗಡಿ ಮುಂದೆ ರಿವರ್ಸ್ ತಗೊಳ್ಳುವಾಗ. ಬಲಗಾಲಿಗೆ ರಾಡ್ ಹಾಕಿದ್ದಾರೆ. ಭಾವ ಟೈಲರ್. ಮಷೀನ್ ತುಳಿಯುವ ಕಾಲೇ ಅದು.

ಶಹಾಬಾದ್ ಅಕ್ಕ: ದೊಡ್ಡಪ್ಪಾ, ಇವರು ಇನ್ನೂ ಇದ್ದಾರೆ. ಸತ್ತವರದು ಯಾಕೆ ಹಾಕಿದಿರಿ?

ದೊಡ್ಡಪ್ಪ: ಮಾಹಿತಿಗಾಗಿ ತಾಯಿ. ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಬೆಂಗಳೂರು ತಮ್ಮ: ಮೂಲ ಎಲ್ಲಿದೆ? ಲಿಂಕ್ ಹಾಕಿ. ಇದು ವರ್ಷಗಳಿಂದ ತಿರುಗುತ್ತಿರುವ ಸುಳ್ಳು.

ದೊಡ್ಡಪ್ಪ: ರಿಟೈರ್ಡ್ ಹೆಡ್‌ಮಾಸ್ತರು ಕಳಿಸಿದ್ದು. ಅವರು ಸುಳ್ಳು ಹೇಳೋರಲ್ಲ.

ಬೆಂಗಳೂರು ತಮ್ಮ: ಅವರಿಗೆ ಯಾರು ಕಳಿಸಿದರು?

ದೊಡ್ಡಪ್ಪ: ನಾಲ್ಕು ಅಕ್ಷರ ಕಲಿತ ಮಾತ್ರಕ್ಕೆ ಹಿರಿಯರ ವಿಚಾರಣೆ ಮಾಡಬಾರದು ತಮ್ಮಾ.

ಇಲ್ಲಿಗೆ ಕಲಂ 166ರ ಕಥೆ ಮುಗಿಯಿತು. ಮುಂದಿನ ಹನ್ನೆರಡು ಮೆಸೇಜು ಹೆಡ್‌ಮಾಸ್ತರರ ಸತ್ಯಸಂಧತೆ ಮೇಲೆ. ಅವುಗಳ ನಡುವೆ ಯಾದಗಿರಿ ಚಿಗವ್ವ ಒಂದು ಬರೆದರು. ಅವರು ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾರೆ. ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳ ಕಾಗದ ದಿನಾ ಅವರ ಕೈಯಿಂದಲೇ ಹೋಗುವುದು. ಗುಂಪಿನಲ್ಲಿ ಅವರ ಮಾತು ಓದುವವರು ಮಾತ್ರ ಕಮ್ಮಿ.

ಯಾದಗಿರಿ ಚಿಗವ್ವ: 166 ಇರುವುದು ನಿಜ, ಅದು ಪರಿಹಾರಕ್ಕೆ ಅರ್ಜಿ ಹಾಕುವ ಕಲಂ. ಹತ್ತು ಪಟ್ಟು ಅಂತ ಅದರಲ್ಲಿ ಎಲ್ಲೂ ಇಲ್ಲ. ದುಡ್ಡು ಕೊಡೋದು ಲಾರಿ ಮಾಲೀಕ, ಅವನ ಪರವಾಗಿ ವಿಮೆ ಕಂಪನಿ. ರಿಟರ್ನ್ ಇದ್ದರೆ ಆದಾಯಕ್ಕೆ ಸಾಕ್ಷಿ, ಅಷ್ಟೇ. ಎಷ್ಟು ಪಟ್ಟು ಅನ್ನೋದು ವಯಸ್ಸಿನ ಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಿ ಮಾಡಿದೆ. 15ರಿಂದ 25 ವಯಸ್ಸಿನವರಿಗೆ 18, ಅಲ್ಲಿಂದ ಇಳಿಯುತ್ತಾ ಹೋಗುತ್ತದೆ. 41ರಿಂದ 45 ಅಂದರೆ 14. ನಿಮ್ಮ ಯಜಮಾನರಿಗೆ ಎಷ್ಟಮ್ಮಾ?

ಶಹಾಬಾದ್ ಅಕ್ಕ: ನಲವತ್ತೆರಡು. ಆದರೆ ರಿಟರ್ನ್ ಎಲ್ಲಿಂದ ತರೋದು ಚಿಗವ್ವಾ? ಅವರು ಬರೆದಿಡೋದು ಬ್ಲೌಸಿನ ಅಳತೆ ಮಾತ್ರ.

ಇದಕ್ಕೆ ಉತ್ತರ ಬರುವಷ್ಟರಲ್ಲಿ ಗಂಜ್ ಕಾಕಾ ಬಂದರು. ನೆಹರು ಗಂಜ್‌ನಲ್ಲಿ ಅವರ ತೊಗರಿ ಅಡತಿ. 2004ರಲ್ಲಿ ಆಳಂದ ನಾಕಾ ಹತ್ತಿರ ಅವರಿಗೂ ಲಾರಿ ಬಡಿದಿತ್ತು. ಇವತ್ತಿಗೂ ಚೀಲದ ಥಪ್ಪಿ ಏರುವಾಗ ಎಡಗೈಯಿಂದ ಮೊಣಕಾಲು ಎತ್ತಿ ಇಡುತ್ತಾರೆ.

ಗಂಜ್ ಕಾಕಾ: ಅಣ್ಣಾ, ಕಲಂ ಎಲ್ಲಾ ಈಗ ನೆನಪಾಯಿತೇನು? ನನ್ನ ಪಾಳಿ ಬಂದಾಗ ಲಾರಿ ಮಾಲೀಕನನ್ನು ಚಾವಡಿಗೆ ಕರೆಸಿ ರಾಜಿ ಮಾಡಿಸಿದವರು ಯಾರು?

ದೊಡ್ಡಪ್ಪ: ನಲವತ್ತು ಸಾವಿರ ಕೊಡಿಸಿದ್ದೆ. ಅದರ ಮೇಲೆ ಇಪ್ಪತ್ತು ಸಾವಿರ ನನ್ನ ಜೇಬಿನಿಂದ.

ಗಂಜ್ ಕಾಕಾ: ಕೇಸು ಹಾಕಿದ್ದರೆ ನಾಲ್ಕು ಲಕ್ಷ ಬರುತ್ತಿತ್ತು.

ದೊಡ್ಡಪ್ಪ: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಆಗ ಅಪೀಲು ಅಂದರೆ ಬೆಂಗಳೂರಿಗೆ ಓಡಬೇಕಿತ್ತು. ಕಲಬುರಗಿಗೆ ಹೈಕೋರ್ಟ್ ಪೀಠ ಬಂದದ್ದೇ 2008ರಲ್ಲಿ. ಮುರಿದ ಕಾಲಿನಲ್ಲಿ ನಿನ್ನನ್ನು ಯಾರು ಹೊತ್ತು ತಿರುಗಬೇಕಿತ್ತು?

ಪೀಠದ ವಿಷಯದಲ್ಲಿ ದೊಡ್ಡಪ್ಪನ ಮಾತು ಸರಿ. ಉಳಿದದ್ದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಇಬ್ಬರ ಮನೆಯಲ್ಲೂ ಊಟ ಮಾಡುವವನು ನಾನು.

ಇಂಥ ಹೊತ್ತಿನಲ್ಲಿ ಹಳೆಯದನ್ನು ನೆನೆಯುವುದು ಬೀದರ್ ಅತ್ತಿಯ ರೂಢಿ.

ಬೀದರ್ ಅತ್ತಿ: ಲಾರಿ ಅಂದ ಕೂಡಲೇ ನೆನಪಾಯಿತು, ಅಣ್ಣನ ಮದುವೆಗೆ ದಿಬ್ಬಣ ಲಾರಿಯಲ್ಲೇ ಹೋಗಿತ್ತಲ್ವಾ! ಹುಮನಾಬಾದ್ ದಾಟುವ ತನಕ ಹಾಡೇ ಹಾಡು. ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಈಗಿನ ಎಸಿ ಬಸ್ಸಿನಲ್ಲಿ ಆ ಮಜಾ ಎಲ್ಲಿ?

ಬೆಂಗಳೂರು ತಮ್ಮ: ಅತ್ತೀ, ಆ ಲಾರಿ ಉರುಳಿದ್ದರೆ ವಿಮೆ ಕಂಪನಿ ಕೈ ಎತ್ತಿಬಿಡುತ್ತಿತ್ತು. ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿದವರಿಗೆ ಪಾಲಿಸಿ ಅನ್ವಯ ಆಗಲ್ಲ.

ಬೀದರ್ ಅತ್ತಿ: ಶುಭ ಕಾರ್ಯದ ಮಾತಿನಲ್ಲಿ ಉರುಳಿಸುತ್ತೀಯಲ್ಲೋ!

ಈ ಸಲ ತಮ್ಮ ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಹೊಲದ ಆಳುಗಳನ್ನು ಇವತ್ತಿಗೂ ಟ್ರಾಕ್ಟರ್ ಟ್ರಾಲಿಯಲ್ಲಿ, ಟಂಟಂನಲ್ಲಿ ತುಂಬಿಕೊಂಡು ಹೋಗುತ್ತಾರೆ. ಅನಾಹುತ ಆದಾಗಲೇ ಈ ವಿಷಯ ಹೊರಬೀಳೋದು. ಆದರೆ ಮದುವೆ ಹಾಡಿನ ನಡುವೆ ಹೇಳಿದರೆ ಯಾರು ಕೇಳುತ್ತಾರೆ? ಅತ್ತಿ ಆಗಲೇ ಹಳೆಯ ಫೋಟೊ ಹುಡುಕಲು ಹೋಗಿದ್ದರು.

ಅಷ್ಟರಲ್ಲಿ ಡಲ್ಲಾಸಿನಲ್ಲಿರುವ ಮಾಮಾನ ಮಗ ಎದ್ದ.

ಡಲ್ಲಾಸ್: ಚಿತ್ರ ನಮ್ಮ ಕಡೆಯದು. ಇಲ್ಲಿ ಹೈವೇ ಉದ್ದಕ್ಕೂ ಲಾರಿ ಕೇಸಿನ ವಕೀಲರ ಬೋರ್ಡು. ಮೊದಲು ಫೀಸು ಇಲ್ಲ, ಗೆದ್ದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅವರಿಗೆ. ಡ್ರೈವರು ಒಂದು ಪಾಳಿಗೆ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಎಂಜಿನ್ನಿನ ಕಂಪ್ಯೂಟರಿನಲ್ಲಿ ಸ್ಪೀಡು, ಬ್ರೇಕು ದಾಖಲಾಗಿರುತ್ತದೆ. ವಕೀಲರು ಮೊದಲು ಹಿಡಿಯೋದೇ ಅದನ್ನು.

ದೊಡ್ಡಪ್ಪ: ಅದಿರಲಿ. ಊರಿಗೆ ಯಾವಾಗ ಬರ್ತೀಯಾ?

ಯಾದಗಿರಿ ಚಿಗವ್ವ: ನಮ್ಮಲ್ಲಿ ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಮಾತಾಡಿಕೊಳ್ಳುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಇದೆ. ಆಸ್ಪತ್ರೆ ಬಾಗಿಲಲ್ಲೇ ಬಂದು ಪರ್ಸೆಂಟೇಜ್ ಹೇಳುವ ಏಜೆಂಟರಿಗೆ ಸಹಿ ಹಾಕಿಕೊಡಬೇಡ ಅಕ್ಕಾ. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಆದಾಯ ಕಮ್ಮಿ ಇದ್ದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಫೋನ್ 15100. ರಿಟರ್ನ್ ಇಲ್ಲದಿದ್ದರೂ ನಡೆಯುತ್ತದೆ. ಅಂಥವರಿಗೆ ಕೋರ್ಟೇ ಒಂದು ಆದಾಯ ಅಂದಾಜು ಮಾಡುತ್ತದೆ. ಅಂಗಡಿ ಬಾಡಿಗೆ ಚೀಟಿ, ಗಿರಾಕಿಗಳ ಪುಸ್ತಕ ಇದ್ದರೆ ಒಳ್ಳೆಯದು.

ಗಂಜ್ ಕಾಕಾ: ಲಾರಿ ಮಹಾರಾಷ್ಟ್ರದ್ದಂತೆ. ಸೊಲ್ಲಾಪುರಕ್ಕೆ ಅಲೆಯಬೇಕಲ್ಲ?

ಯಾದಗಿರಿ ಚಿಗವ್ವ: ಬೇಡ. ಅಪಘಾತ ಆದ ಕಡೆ ಹಾಕಬಹುದು, ಗಾಯಗೊಂಡವರು ಇರುವ ಊರಲ್ಲೂ ಹಾಕಬಹುದು. ನಂಬರ್ ಸಿಗದೆ ಓಡಿಹೋದ ಲಾರಿ ಆಗಿದ್ದರೆ ಲೆಕ್ಕ ಬೇರೆ, ಭಾರಿ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ನಮ್ಮದರಲ್ಲಿ ನಂಬರ್ ಇದೆ. ಅವಧಿ ಮಾತ್ರ ನೋಡಿಕೊಳ್ಳಿ. ಅಪಘಾತ ಆದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, ಆದರೆ ಅದನ್ನು ನಂಬಿ ಕೂಡಬೇಡಿ.

ಬೆಂಗಳೂರು ತಮ್ಮ: ಚಿಗವ್ವಾ, ಮೂಲ?

ಯಾದಗಿರಿ ಚಿಗವ್ವ: ನಿನ್ನೆ ಟೈಪ್ ಮಾಡಿದ ಅರ್ಜಿ.

ನಾನು ನಕ್ಕೆ. ತಮ್ಮನಿಗೆ ಮಾತ್ರ ಸಿಟ್ಟು ಬಂತು. ಆಯಾ ಕಲಂ ಹುಡುಕಿ ಸ್ಕ್ರೀನ್‌ಶಾಟ್ ಹಾಕತೊಡಗಿದ. ಅದು ಚಿಗವ್ವ ಹೇಳಿದ್ದೇ ಆಗಿತ್ತು. ಹತ್ತು ಜನ ಅವನಿಗೆ ಹೆಬ್ಬೆರಳು ಒತ್ತಿದರು, ಚಿಗವ್ವನಿಗೆ ಒಬ್ಬರೂ ಇಲ್ಲ.

ದೊಡ್ಡಪ್ಪ: ಡ್ರೈವರೂ ಬಡವ. ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವನಿಗೆ ಹತ್ತು ವರ್ಷ ಜೈಲು, ಏಳು ಲಕ್ಷ ದಂಡ. ಅವನ ಹೆಂಡತಿ ಮಕ್ಕಳ ಶಾಪ ನಮಗೆ ಬೇಕಾ?

ಬೆಂಗಳೂರು ತಮ್ಮ: ಏಳು ಲಕ್ಷ ಅಂತ ಕಾನೂನಿನಲ್ಲೇ ಇಲ್ಲ. ಹತ್ತು ವರ್ಷದ ಕಲಂ ಡಿಕ್ಕಿ ಹೊಡೆದು ಜೀವ ತೆಗೆದು ಓಡಿಹೋದವರಿಗೆ. 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಮಾಡಿದ ಮೇಲೆ ಅದನ್ನು ತಡೆಹಿಡಿದರು. ಜುಲೈನಲ್ಲಿ ಆ ಕಾನೂನಿನ ಉಳಿದದ್ದೆಲ್ಲಾ ಜಾರಿಗೆ ಬಂದರೂ ಅದು ಬರಲಿಲ್ಲ. ಭಾವ ಬದುಕಿದ್ದಾರೆ, ಡ್ರೈವರೂ ಓಡಿಲ್ಲ.

ಶಹಾಬಾದ್ ಅಕ್ಕ: ಓಡಿಲ್ಲ ದೊಡ್ಡಪ್ಪಾ. ಅವನೇ ಇವರನ್ನು ಎತ್ತಿ ಆಟೋದಲ್ಲಿ ಕೂರಿಸಿದ್ದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಪರಿಹಾರ ಕೇಳೋದು ಪಾಲಿಸಿಯಿಂದ ಅಲ್ವಾ? ಅವನ ಹೆಂಡತಿ ನಮಗ್ಯಾಕೆ ಶಾಪ ಹಾಕುತ್ತಾಳೆ?

ಇಡೀ ದಿನದಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಮಾತಾಡಿರಲಿಲ್ಲ. ಅದರ ಕೆಳಗೇ ಅತ್ತಿಯ ಫೋಟೊ ಬಂತು. ಲಾರಿ ಮೇಲೆ ಬಾಸಿಂಗ ಕಟ್ಟಿದ ದೊಡ್ಡಪ್ಪ, ಪಕ್ಕದಲ್ಲಿ ಬಾಯಿ ತೆರೆದ ಕಾಕಾ. ಆಗಿನ್ನೂ ಎರಡೂ ಕಾಲು ಗಟ್ಟಿ. ಮತ್ತೆ ಒಂದು ತಾಸು ಫೋಟೊದಲ್ಲಿ ಯಾರು ಯಾರು ಅಂತ ಗುರುತು ಹಿಡಿಯುವುದೇ ಆಯಿತು.

ಸಂಜೆ ಅಕ್ಕ ಕೇಳಿದಳು, ಠಾಣೆಯಿಂದ ಏನೇನು ತರಬೇಕು ಅಂತ. ಚಿಗವ್ವ ಬರೆದರು: ಎಫ್‌ಐಆರ್, ಪಂಚನಾಮೆ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರು ಬರೆದದ್ದು), ಐಎಂವಿ ರಿಪೋರ್ಟು (ವಾಹನ ಇನ್‌ಸ್ಪೆಕ್ಟರು ಲಾರಿ ನೋಡಿ ಬರೆದದ್ದು), ಚಾರ್ಜ್‌ಶೀಟ್ ಆದಾಗ ಅದು. ಲಾರಿಯ ಆರ್‌ಸಿ, ಪಾಲಿಸಿ ನಕಲು. ಔಷಧಿ ಬಿಲ್ಲು ಒಂದೂ ಕಳೆಯಬೇಡ. ಡಾಕ್ಟರು ಊನ ಎಷ್ಟು ಪರ್ಸೆಂಟ್ ಅಂತ ಬರೆಯುವಾಗ ಹೊಲಿಗೆ ಕೆಲಸ ಅಂತ ಹೇಳು. ಕುರ್ಚಿ ಮೇಲೆ ಕೂತು ಬರೆಯುವವನ ಕಾಲಿಗೂ ಮಷೀನ್ ತುಳಿಯುವವನ ಕಾಲಿಗೂ ಕೋರ್ಟು ಒಂದೇ ಲೆಕ್ಕ ಹಾಕುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಗಂಜ್ ಕಾಕಾನದು ಒಂದು ಮೆಸೇಜು. ಅಕ್ಕನಿಗೆ ಮಾತ್ರ ಅಂತ ಬರೆದದ್ದು, ಗುಂಪಿಗೆ ಬಿತ್ತು.

ಗಂಜ್ ಕಾಕಾ: ನಾಳೆ ಹತ್ತಕ್ಕೆ ಅಂಗಡಿ ಹುಡುಗನಿಗೆ ಬಿಟ್ಟು ಬರ್ತೀನಿ. ಠಾಣೆಗೆ ಜೊತೆಗೆ ಹೋಗೋಣ. ದೊಡ್ಡಪ್ಪನಿಗೆ ಹೇಳಬೇಡ.

ಅಳಿಸಲು ಹೋಗಿ "ಡಿಲೀಟ್ ಫಾರ್ ಮಿ" ಒತ್ತಿರಬೇಕು. ನಮಗೆಲ್ಲಾ ಹಾಗೇ ಕಾಣುತ್ತಿತ್ತು. ದೊಡ್ಡಪ್ಪ ತುಂಬಾ ಹೊತ್ತು ಟೈಪ್ ಮಾಡಿದರು.

ದೊಡ್ಡಪ್ಪ: ಓದಿದೆ. ಹೇಗೂ ಜೆರಾಕ್ಸ್ ಅಂಗಡಿಗೆ ಹೋಗುತ್ತೀಯಲ್ಲ, ಆ ಇಪ್ಪತ್ತು ಸಾವಿರದ ಚೀಟಿಯದೂ ಒಂದು ಪ್ರತಿ ಮಾಡಿಸು.