ಮೊಗೆಬಳ್ಳಿಯಲ್ಲಿ ಮಿಡಿ ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ಶಿವಮೊಗ್ಗ ನಗರದಿಂದ):
ಪರಿಚಿತರೊಬ್ಬರ ಗದ್ದೆಯಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ, ಎರಡು ಗುಂಟೆ ಜಾಗವನ್ನು ಮಳೆಗಾಲದವರೆಗೆ ಕೇಳಿ ಪಡೆದು, ಜನವರಿಯ ಕೊನೆಯಲ್ಲಿ ಮೊಗೆಕಾಯಿ (ಮಂಗಳೂರು ಸೌತೆ), ಹೀರೆ, ಬೆಂಡೆ, ಅಲಸಂದೆ ಮತ್ತು ಹರಿವೆಯನ್ನು ಹಾಕಿದ್ದೇನೆ. ಹರಿವೆಯನ್ನು ಈಗಾಗಲೇ ಎರಡು ಸಲ ಕಿತ್ತು ಹುಳಿ ಮಾಡಿ ಉಂಡಾಗಿದೆ. ಬೆಂಡೆಯ ಮೇಲೂ ದೂರಿಲ್ಲ. ತೊಂದರೆಯಿರುವುದು ಮೊಗೆಬಳ್ಳಿಯಲ್ಲಿ. ಮೊದಲು ಬಿಟ್ಟ ಹೂವುಗಳೆಲ್ಲ ಉದುರಿಹೋದವು. ಈಗ ಮಿಡಿ ಕಾಣಿಸಿಕೊಂಡರೂ ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಹಳದಿಗೆ ತಿರುಗಿ ಕೊಳೆಯುತ್ತಿದೆ. ನೀರು ಸಾಲದೆಂದು ಭಾವಿಸಿ ದಿನಕ್ಕೆ ಎರಡು ಹೊತ್ತು ಹಾಯಿಸಿದರೂ ಪ್ರಯೋಜನವಾಗಲಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಹೊಸನಗರದಿಂದ):
ಮೊದಲು ಉದುರಿದ ಹೂವುಗಳಿಗಾಗಿ ತಾವು ಚಿಂತಿಸಬೇಕಾಗಿಲ್ಲ. ಈ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವು ಮೊದಲು ಬರುತ್ತದೆ, ಅದು ಉದುರಲೇಬೇಕು; ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿದ್ದರೆ ಮಾತ್ರ ಅದು ಹೆಣ್ಣು. ಕೊಳೆತ ಮಿಡಿಯನ್ನು ಸೀಳಿ ನೋಡಿ. ಒಳಗೆ ಬಿಳಿಯ ಹುಳುಗಳಿದ್ದರೆ ಅದು ಹಣ್ಣುನೊಣದ ಕೆಲಸ. ಹುಳುವಿಲ್ಲದೆ ಸುಮ್ಮನೆ ಮುರುಟಿದ್ದರೆ ಪರಾಗಸ್ಪರ್ಶ ಆಗಿಲ್ಲವೆಂದು ತಿಳಿಯಬಹುದು, ಆಗ ಬೆಳಿಗ್ಗೆ ಬೇಗ ಹೋಗಿ ಅಂದೇ ಅರಳಿದ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರೆ ಸಾಕು. ನೊಣವಾದರೆ ಕೆಲಸ ಹೆಚ್ಚು. ಹುಳು ಬಿದ್ದ ಕಾಯಿಗಳನ್ನು ಬದುವಿನ ಮೇಲೆ ಎಸೆಯುವುದು ನಮ್ಮೆಲ್ಲರ ಅಭ್ಯಾಸ. ಹುಳು ಅಲ್ಲಿಂದಲೇ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಅದೇ ಬಳ್ಳಿಗೆ ಮರಳುತ್ತದೆ. ಆದುದರಿಂದ ಅಂತಹ ಕಾಯಿಗಳನ್ನು ದಿನವೂ ಆಯ್ದು ಆಳವಾಗಿ ಹೂಳಬೇಕು. ವಾಸನೆಯಿಂದ ನೊಣವನ್ನು ಸೆಳೆಯುವ ಕ್ಯೂಲ್ಯೂರ್ ಎಂಬ ಮದ್ದಿನ ಮೋಹಕ ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆಗಲೇ ಗಂಡಿನೊಡನೆ ಕೂಡಿದ ಹೆಣ್ಣು ಮೊಟ್ಟೆಯಿಡುವುದನ್ನು ಅದು ತಡೆಯದು, ಹಾಗಾಗಿ ಮಿಡಿ ಕಟ್ಟುವ ಮೊದಲೇ ಬಲೆಯನ್ನು ತೂಗುಹಾಕುವುದು ಒಳ್ಳೆಯದು. ಉಳಿದ ಮಿಡಿಗಳಿಗೆ ಕಾಗದ ಸುತ್ತಿ ಕಟ್ಟಿ. ಎರಡು ಹೊತ್ತಿನ ನೀರನ್ನಂತೂ ನಿಲ್ಲಿಸಿ, ಗದ್ದೆಯ ಜಿಗುಟು ಮಣ್ಣಿನಲ್ಲಿ ಬೇರು ಕೊಳೆತೀತು.

ಉತ್ತರ (ಸಾಗರದಿಂದ):
ನಮ್ಮ ಮನೆಯಲ್ಲಿ ಬಳ್ಳಿಗೆ ಒಲೆಯ ಬೂದಿ ಎರಚುವುದೇ ಮದ್ದು.

ಉತ್ತರ (ಹೊಸನಗರದಿಂದ):
ಎಳೆಯ ಸಸಿಯ ಎಲೆ ತಿನ್ನುವ ಕೆಂಪು ದುಂಬಿಗೆ ಬೂದಿ ಸರಿ, ಒಪ್ಪುತ್ತೇನೆ. ಕಾಯಿಯ ಸಿಪ್ಪೆಯೊಳಗೆ ಇಟ್ಟ ಮೊಟ್ಟೆಗೆ ಬೂದಿ ಏನು ಮಾಡೀತು?

ಉತ್ತರ (ತೀರ್ಥಹಳ್ಳಿಯಿಂದ):
ಕಾಯಿ ನಿಂತ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ. ಕೊಯ್ದ ಕಾಯಿಯ ತುದಿಯನ್ನು ರುಚಿ ನೋಡಿಯೇ ಅಡುಗೆಗೆ ಹಾಕಿ. ಕಹಿಯಿದ್ದರೆ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ, ಎಸೆಯುವುದೇ ಸರಿ. ಎಳೆಯದು ಹಸಿ ಸಾಸಿವೆಗೆ ಹೊಂದುತ್ತದೆ, ಬಲಿತದ್ದು ಹುಳಿಗೆ. ಚೆನ್ನಾಗಿ ಹಣ್ಣಾದದ್ದನ್ನು ತುರಿದು, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಬೆರೆಸಿ, ಅರಿಶಿನದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ ಕಡುಬಿನ ಮುಂದೆ ನನಗೆ ಬೇರೆ ಸಿಹಿ ಬೇಡ. ಪೆಟ್ಟು ತಾಗದ ಬಲಿತ ಕಾಯಿಗಳನ್ನು ತೊಟ್ಟು ಸಹಿತ ಕೊಯ್ದು, ಬಾಳೆಪಟ್ಟೆಯ ಹಗ್ಗದಲ್ಲಿ ಒಂದಕ್ಕೊಂದು ತಾಗದಂತೆ ಜಂತಿಗೆ ಕಟ್ಟಿದರೆ, ತರಕಾರಿ ಸಿಗದ ಆಷಾಢದ ಮಳೆಯಲ್ಲೂ ಹುಳಿಗೆ ಆಗುತ್ತವೆ.

ಪ್ರಶ್ನೆ ಕೇಳಿದವರು:
ಒಂಬತ್ತು ಮಿಡಿ ಸೀಳಿದೆ, ಏಳರಲ್ಲಿ ಹುಳುವಿತ್ತು. ಬದುವಿನ ಮೇಲೆ ನಾನೇ ಎಸೆದ ರಾಶಿಯನ್ನು ಇಂದು ಸಂಜೆ ಹೂಳಿ ಬಂದೆ.