ಮನೆಯನ್ನು ಈಗಲೇ ದಾನಪತ್ರ ಮಾಡಿಕೊಡುವುದೋ, ಉಯಿಲು ಬರೆದಿಡುವುದೋ?

ಪ್ರಶ್ನೆ: ಬನಶಂಕರಿ ನಿವಾಸಿ

ನಮಸ್ಕಾರ. ನನಗೆ 71 ವರ್ಷ, ಪತ್ನಿಗೆ 66. ಬನಶಂಕರಿ ಎರಡನೇ ಹಂತದ 30-40ರ ನಿವೇಶನದಲ್ಲಿ ನನ್ನ ಸಂಬಳದ ಉಳಿತಾಯದಿಂದಲೂ ಸಾಲದಿಂದಲೂ ಕಟ್ಟಿಸಿದ ಮನೆಯಿದೆ. ಖಾತೆ ನನ್ನ ಹೆಸರಿನಲ್ಲಿದೆ. ತುಮಕೂರಿನ ಬಳಿ ತಾತನ ಕಾಲದಿಂದ ಬಂದ, ಇನ್ನೂ ವಿಭಾಗವಾಗದ ಜಮೀನಿದೆ. ಬ್ಯಾಂಕ್ ಠೇವಣಿಗಳಿಗೆಲ್ಲ ಮಗನೇ ನಾಮಿನಿ. ಆ ದಿನ ನನ್ನ ಜೊತೆ ಬ್ಯಾಂಕಿಗೆ ಬಂದವನು ಅವನು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ಈಗ ಅವನು ಹೊರದೇಶದಲ್ಲಿದ್ದಾನೆ, ಮಗಳು ಇಲ್ಲೇ ಇದ್ದಾಳೆ. ಮನೆಯನ್ನು ಈಗಲೇ ಇಬ್ಬರ ಹೆಸರಿಗೂ ದಾನಪತ್ರ ಮಾಡಿಬಿಟ್ಟರೆ ಮುಂದೆ ತಕರಾರಿರುವುದಿಲ್ಲ ಎಂದು ನನ್ನ ಭಾವಮೈದ ಹೇಳುತ್ತಾರೆ. ನನಗೆ ಬೇಕಾಗಿರುವುದು, ನನ್ನ ನಂತರ ಪತ್ನಿ ಯಾರ ಮುಲಾಜಿಗೂ ಒಳಗಾಗದೆ ಈ ಮನೆಯಲ್ಲಿರುವುದು. ತಿಳಿದವರು ಹೇಳಬೇಕಾಗಿ ಕೋರಿಕೆ.

ಉತ್ತರ 1: ನಿವೃತ್ತ ವಕೀಲ, ಮಲ್ಲೇಶ್ವರ

ದಾನಪತ್ರ ನೋಂದಣಿಯಾದ ಕೂಡಲೇ ಮನೆ ತಮ್ಮದಾಗಿ ಉಳಿಯುವುದಿಲ್ಲ. ಉಯಿಲನ್ನಾದರೆ ತಾವು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ತಮ್ಮ ಅಪೇಕ್ಷೆಗೆ ಉಯಿಲೇ ತಕ್ಕದ್ದು. ಅದೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ: ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಪತ್ನಿ ಹಾಗೂ ಮಕ್ಕಳಿಗೆ (ತಮ್ಮ ತಾಯಿ ಬದುಕಿದ್ದರೆ ಅವರಿಗೂ) ಸಮಪಾಲು ಹೋಗುತ್ತದೆ. ಅಂದರೆ ತಮ್ಮ ಪತ್ನಿಯವರಿಗೆ ಮೂರನೆಯ ಒಂದು ಪಾಲು ಮಾತ್ರ, ಮಕ್ಕಳಲ್ಲಿ ಯಾರು ಬೇಕಾದರೂ ವಿಭಾಗಕ್ಕಾಗಿ ದಾವೆ ಹೂಡಬಹುದು.

ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೇ ಕಲಮಿನಂತೆ ಉಯಿಲಿಗೆ ತಮ್ಮ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಬಿಡಿ, ಏಕೆಂದರೆ ‘ಇದು ಅಪ್ಪನ ಸಹಿಯೇ ಅಲ್ಲ’ ಎಂಬ ಮಾತಿಗೆ ಅದು ಬಹುಮಟ್ಟಿಗೆ ತಡೆಯಾಗುತ್ತದೆ. ಸಾಕ್ಷಿಗಳು ತಮಗಿಂತ ಚಿಕ್ಕವರಾಗಿರಲಿ. ವ್ಯಾಜ್ಯವೆದ್ದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ನುಡಿಯಬೇಕಾಗುತ್ತದೆ. ತಮ್ಮ ವಾಕಿಂಗ್ ಗೆಳೆಯರಿಬ್ಬರನ್ನು ಹಾಕಿಸಿಕೊಂಡರೆ ಆ ಹೊತ್ತಿಗೆ ಅವರೂ ಇರಬೇಕಲ್ಲ! ಸಹಿ ಹಾಕುವ ದಿನವೇ ವೈದ್ಯರಿಂದ ತಮ್ಮ ಬುದ್ಧಿ ಸ್ವಸ್ಥವಾಗಿದೆ ಎಂಬ ಪ್ರಮಾಣಪತ್ರ ಪಡೆಯಿರಿ, ಮತ್ತು ಉಯಿಲನ್ನು ಜಾರಿಗೊಳಿಸುವವರಾಗಿ ಊರಿನಲ್ಲೇ ಇರುವ ಮಗಳನ್ನು ಹೆಸರಿಸಿ.

ನಾಮಿನಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ನಾಮಿನಿಯಾದವನು ಬ್ಯಾಂಕಿನಿಂದ ಹಣ ಪಡೆಯಲು ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲ. ಷೇರುಗಳ ಸಂಬಂಧದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ. ಹಾಗಿದ್ದರೂ ಠೇವಣಿಗಳಿಗೆ ಪತ್ನಿಯನ್ನೇ ನಾಮಿನಿ ಮಾಡಿ, ಉಯಿಲಿನಲ್ಲಿಯೂ ಅದನ್ನೇ ಬರೆಯಿರಿ; ಎರಡು ಕಾಗದಗಳು ಎರಡು ಮಾತು ಹೇಳಬಾರದು. ಇನ್ನು ಪಿತ್ರಾರ್ಜಿತ ಜಮೀನಿನಲ್ಲಿ ತಮ್ಮ ಪಾಲನ್ನಷ್ಟೇ ತಾವು ಉಯಿಲಿಗೆ ಸೇರಿಸಬಹುದು, ಮತ್ತು 2005ರ ತಿದ್ದುಪಡಿಯಂತೆ ಮಗಳಿಗೂ ಅಲ್ಲಿ ಮಗನಷ್ಟೇ ಹಕ್ಕಿದೆ.

ಉತ್ತರ 2: ಹನುಮಂತನಗರ

ದಾನಪತ್ರದ ಕಷ್ಟ ನಮ್ಮ ಮನೆಯಲ್ಲೇ ಆಗಿದೆ. ನಮ್ಮ ತಂದೆಯವರು ಕಿರಿಯ ಮಗನಿಗೆ ‘ಪ್ರೀತಿ ವಿಶ್ವಾಸಪೂರ್ವಕವಾಗಿ’ ಮನೆ ಬರೆದುಕೊಟ್ಟರು. ವರ್ಷ ಕಳೆಯುವಷ್ಟರಲ್ಲಿ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟು ಅವರನ್ನು ಗ್ಯಾರೇಜಿನ ಪಕ್ಕದ ಕೋಣೆಗೆ ಕಳುಹಿಸಲಾಯಿತು. ಹಿರಿಯ ನಾಗರಿಕರ 2007ರ ಅಧಿನಿಯಮದ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟೆವು. ಪತ್ರದಲ್ಲಿ ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಒಂದು ಸಾಲಿನಷ್ಟೂ ಇರಲಿಲ್ಲ. ಇಡೀ ವಾದ ಅದರ ಮೇಲೆಯೇ ನಿಂತಿತು. ಇಂಥ ಷರತ್ತು ಇರಲೇಬೇಕೆಂದು 2022ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2025ರ ಜನವರಿಯಲ್ಲಿ ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿದ್ದುಂಟು. ಆದರೆ ಆ ತೀರ್ಪುಗಳನ್ನು ಓದಿಕೊಂಡು ತಂದೆಯವರು ಗ್ಯಾರೇಜಿನ ಪಕ್ಕ ಕುಳಿತಿರಬೇಕಾಗಿರಲಿಲ್ಲ. ಭಾವಮೈದುನರ ಸಲಹೆಯನ್ನು ದಯವಿಟ್ಟು ಪಕ್ಕಕ್ಕಿಡಿ.

ಉತ್ತರ 3: ಜಯನಗರದ ಗೃಹಿಣಿ

ಪತ್ನಿಗೆ ‘ಜೀವಿತಾವಧಿಯವರೆಗೆ ವಾಸದ ಹಕ್ಕು’ ಎಂದಷ್ಟೇ ಬರೆದು, ನಂತರ ಮಕ್ಕಳಿಗೆ ಎನ್ನುವ ಪದ್ಧತಿ ನಮ್ಮಲ್ಲಿ ಬಹಳವಿದೆ. ಅಂಥ ಹಕ್ಕು ಸೀಮಿತವೋ ಪೂರ್ಣವೋ ಎಂಬ ವ್ಯಾಜ್ಯಗಳು 1956ರ ಅಧಿನಿಯಮದ 14ನೇ ಕಲಮಿನ ಸುತ್ತ ದಶಕಗಳಿಂದ ನಡೆದಿವೆ. ಆಸ್ಪತ್ರೆ ಖರ್ಚಿಗೆ ಮನೆ ಮಾರಬೇಕಾಗಿ ಬಂದರೆ ಆ ಹಕ್ಕು ಉಪಯೋಗಕ್ಕೆ ಬರುವುದೂ ಇಲ್ಲ. ನನ್ನನ್ನು ಕೇಳಿದರೆ ಪೂರ್ಣ ಹಕ್ಕನ್ನೇ ಬರೆಯುವುದು ಮೇಲು. ಅವರು ತಮಗಿಂತ ಮೊದಲು ತೀರಿಕೊಂಡರೆ ಯಾರಿಗೆ ಎಂಬುದನ್ನೂ ಅದರಲ್ಲೇ ಸೇರಿಸಿ.

ಕಾಯಿಲೆಯ ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂಬುದು ಉಯಿಲಿನಲ್ಲಿ ಬರೆಯುವ ವಿಷಯವಲ್ಲ, ಏಕೆಂದರೆ ಉಯಿಲು ತೆರೆಯುವುದೇ ಎಲ್ಲ ಮುಗಿದ ಮೇಲೆ. ಅದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನವೆಂಬ ಬೇರೆ ಪತ್ರವಿದೆ. 2018ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟ್, 2023ರಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಎಂದು ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಅದರ ಪ್ರತಿ ಮಕ್ಕಳಿಬ್ಬರ ಬಳಿಯೂ ಇರಲಿ.

ಬನಶಂಕರಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ನನ್ನ ಪತ್ನಿಗೆ ಓದಿ ಹೇಳಿದೆ. ಪೂರ್ಣ ಹಕ್ಕು ಬರೆಯುವುದಾದರೆ ತಾನೂ ಅದೇ ದಿನ ತನ್ನ ಉಯಿಲನ್ನು ಬರೆಯುವುದಾಗಿ, ಮಗಳಿಗೆ ಕೊಡಬೇಕಾದ ಒಡವೆಗಳ ಪಟ್ಟಿ ಈಗಾಗಲೇ ತನ್ನ ಬಳಿ ಸಿದ್ಧವಿರುವುದಾಗಿ ಹೇಳಿದಳು. ಆ ಪಟ್ಟಿಯ ವಿಷಯ ನನಗೆ ಇವತ್ತೇ ತಿಳಿದದ್ದು. ಸಾಕ್ಷಿಗಳಿಗಾಗಿ ಎದುರುಮನೆಯ ದಂಪತಿಯನ್ನು ಕೇಳಿದ್ದೇವೆ, ಅವರಿಬ್ಬರೂ ನಲವತ್ತರೊಳಗಿನವರು.