ಪ್ರೊಮೀಥಿಯಸ್: ಯಾವುದು ನಿಜವಾದ ತೂತು, ಯಾವುದು ಬರೀ ನಮ್ಮ ಸಿಟ್ಟು?

ಕಾಗದದ ರಾಕೆಟ್ ಕೇಳಿದ್ದು:

ಮನುಷ್ಯರನ್ನು ಸೃಷ್ಟಿಸಿದವರನ್ನು ಹುಡುಕಿಕೊಂಡು ಒಂದು ತಂಡ ದೂರದ ಚಂದ್ರಕ್ಕೆ ಹೋಗೋ 2012ರ ಸಿನಿಮಾ ‘ಪ್ರೊಮೀಥಿಯಸ್’ ಮಾತು ಬಂದಾಗಲೆಲ್ಲ ಅದೇ ಪಟ್ಟಿ. ಹೆಲ್ಮೆಟ್ ಯಾಕೆ ತೆಗೆದರು, ನಕ್ಷೆ ಮಾಡುವವನೇ ದಾರಿ ತಪ್ಪಿದ್ದು ಹೇಗೆ, ಹೆಡೆಯೆತ್ತಿ ನಿಂತ ಪ್ರಾಣಿಯನ್ನು ಜೀವಶಾಸ್ತ್ರಜ್ಞ ಮುದ್ದು ಮಾಡೋಕೆ ಹೋಗಿದ್ದು ಯಾಕೆ, ಯಾತ್ರೆಯ ಮೇಲ್ವಿಚಾರಕಿ ವಿಕರ್ಸ್ ಉರುಳಿ ಬರೋ ಹಡಗಿನಿಂದ ಪಕ್ಕಕ್ಕೆ ಯಾಕೆ ಓಡಲಿಲ್ಲ. ಎಲ್ಲದಕ್ಕೂ ‘ಪ್ಲಾಟ್ ಹೋಲ್’, ಅಂದರೆ ಕಥೆಯ ತೂತು, ಅನ್ನೋ ಒಂದೇ ಮುದ್ರೆ ಒತ್ತಿಬಿಡ್ತೀವಿ.

ಇವೆಲ್ಲ ಒಂದೇ ಜಾತಿಯ ದೋಷಗಳಲ್ಲ ಅನ್ನೋದು ನನ್ನ ವಾದ. ಸಿನಿಮಾ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದರೆ ಅದು ತೂತು. ಪಾತ್ರ ಪೆದ್ದುಪೆದ್ದಾಗಿ ನಡೆದುಕೊಂಡರೆ ಅದು ಪಾತ್ರ ಕಟ್ಟುವುದರಲ್ಲಿನ ಸೋಲು. ಬೇಕಂತಲೇ ಹೇಳದೆ ಬಿಟ್ಟಿದ್ದರೆ ಅದು ಮೌನ, ಇಷ್ಟ ಆಗಬಹುದು, ಆಗದೇ ಇರಬಹುದು. ಉದಾಹರಣೆಗೆ, ಡೇವಿಡ್ ಅನ್ನೋ ಆಂಡ್ರಾಯ್ಡ್ (ಮನುಷ್ಯನ ಹಾಗಿರೋ ಯಂತ್ರ), ವಿಜ್ಞಾನಿ ಹಾಲೊವೇಯ ಗ್ಲಾಸಿಗೆ ಅಲ್ಲಿ ಸಿಕ್ಕ ಕಪ್ಪು ದ್ರವ ಹಾಕಿದ್ದು ಯಾಕೆ ಅಂತ ಇವತ್ತಿಗೂ ಕೇಳ್ತಾರೆ. ಉತ್ತರ ಸಿನಿಮಾದಲ್ಲೇ ಇದೆ: ಯಾತ್ರೆಗೆ ಹಣ ಹಾಕಿ ಹಡಗಿನಲ್ಲೇ ಗುಟ್ಟಾಗಿ ನಿದ್ರೆಯಲ್ಲಿರೋ ಮುದುಕ ವೇಲ್ಯಾಂಡ್ ಇನ್ನೂ ಹೆಚ್ಚು ಪ್ರಯತ್ನಿಸು ಅಂದಿದ್ದಾನೆ, ಅದನ್ನು ಡೇವಿಡ್ ವಿಕರ್ಸ್ ಮುಂದೆ ಬಾಯಿಬಿಟ್ಟು ಹೇಳ್ತಾನೆ. ಅದು ತೂತಲ್ಲ.

ಹಾಗಾದರೆ ನಿಜಕ್ಕೂ ಉಳಿಯೋ ತೂತುಗಳು ಯಾವುವು? ಮುಖ್ಯವಾಗಿ ಆ ದ್ರವಕ್ಕೆ ಏನಾದರೂ ನಿಯಮ ಇದೆಯಾ? ಇದೇ ಕಥಾಲೋಕದ 1979ರ ‘ಏಲಿಯನ್’ ಸಿನಿಮಾಗೆ ಇದು ಸರಿಯಾಗಿ ಕೂಡಿಕೊಳ್ಳುತ್ತಾ? ನೋಡದೇ ಇರೋರು ಮುಂದೆ ಓದಬೇಡಿ, ಕೊನೆಯವರೆಗಿನ ಕಥೆ ಎಲ್ಲ ಇಲ್ಲಿ ಬರುತ್ತೆ.

---

ಮೂರನೇ ಅಂಕ ಬರೆದದ್ದು:

ದ್ರವದಿಂದಲೇ ಶುರು ಮಾಡೋಣ, ಸಿನಿಮಾದ ಬೆನ್ನುಮೂಳೆ ಅದು, ಮುರಿದಿರೋದೂ ಅಲ್ಲೇ.

ಪರದೆ ಮೇಲೆ ಏನೇನು ಆಗುತ್ತೆ ಅಂತ ಒಂದೊಂದಾಗಿ ನೋಡಿ. ಮೊದಲ ಸೀನಿನಲ್ಲಿ ಜಲಪಾತದ ಅಂಚಿನಲ್ಲಿ ಒಬ್ಬ ಎಂಜಿನಿಯರ್ (ಮನುಷ್ಯರನ್ನು ಸೃಷ್ಟಿಸಿದವರಿಗೆ ಸಿನಿಮಾ ಕೊಟ್ಟ ಹೆಸರು) ಅಂಥದ್ದೇ ಒಂದನ್ನು ಕುಡಿಯುತ್ತಾನೆ, ಕ್ಷಣಗಳಲ್ಲಿ ಮೈ ಪುಡಿಪುಡಿಯಾಗಿ ನೀರಿಗೆ ಬೀಳುತ್ತೆ, ಡಿಎನ್‌ಎ ಮತ್ತೆ ಹೆಣೆದುಕೊಳ್ಳುತ್ತೆ. ಈ ದ್ರವ ತುಂಬಿದ ಹೂಜಿಗಳಿರೋ ಕೋಣೆಯ ಮಣ್ಣಲ್ಲಿ ಹುಳುಗಳು ಅದರಲ್ಲಿ ನೆನೆದು ‘ಹ್ಯಾಮರ್‌ಪೀಡ್’ ಅನ್ನೋ ಹಾವಿನಂಥ ಪ್ರಾಣಿ ಆಗ್ತವೆ. ಹಾಲೊವೇ ಹೊಟ್ಟೆಗೆ ಹೋಗೋದು ಬೆರಳ ತುದಿಯ ಒಂದೇ ಹನಿ. ಅವನು ನಿಧಾನಕ್ಕೆ ಕೊಳೆಯುತ್ತಾನೆ. ಬಂಜೆಯಾದ ಅವನ ಸಂಗಾತಿ, ವಿಜ್ಞಾನಿ ಶಾಳ ಹೊಟ್ಟೆಯಲ್ಲಿ ಅವನಿಂದಾಗಿ ಭ್ರೂಣ ಬೆಳೆಯುತ್ತೆ, ಕೆಲವೇ ಗಂಟೆಗಳಲ್ಲಿ ಮೂರು ತಿಂಗಳಷ್ಟು. ನಕ್ಷೆ ಮಾಡುವ ಭೂವಿಜ್ಞಾನಿ ಫೈಫೀಲ್ಡ್ ಮುಖ ಅಡಿಯಾಗಿ ಅದರಲ್ಲೇ ಬೀಳುತ್ತಾನೆ, ಸಾಯದೆ ದೈತ್ಯ ಬಲದ ಕೊಲೆಗಾರನಾಗಿ ವಾಪಸ್ ಬರುತ್ತಾನೆ.

ಇದಕ್ಕೆಲ್ಲ ಒಂದೇ ಸೂತ್ರ ಹೊಂದಿಸಬೇಕಂದರೆ ಮೂರು ಅಂಶ ಬೇಕು: ಎಷ್ಟು ಪ್ರಮಾಣ, ಯಾವ ದಾರಿಯಲ್ಲಿ ಒಳಗೆ ಹೋಯಿತು, ಯಾವ ಜೀವಿಗೆ. ಸ್ವಲ್ಪ ಮಟ್ಟಿಗೆ ಹೊಂದುತ್ತೆ ಕೂಡ. ಸಣ್ಣ ಪ್ರಮಾಣ ನಿಧಾನಕ್ಕೆ ಕೊಲ್ಲುತ್ತೆ, ದೊಡ್ಡ ಪ್ರಮಾಣ ರೂಪ ಬದಲಿಸುತ್ತೆ, ಸಂತಾನದ ದಾರಿ ಹಿಡಿದರೆ ಹೊಸ ಜೀವಿ ಹುಟ್ಟಿಸುತ್ತೆ. ಆದರೆ ಈ ಸೂತ್ರ ಕಟ್ಟಿದ್ದು ನಾವು, ಸಿನಿಮಾ ಅಲ್ಲ. ಅದನ್ನು ಪ್ರೇಕ್ಷಕರಿಗೆ ದಾಟಿಸಬಲ್ಲ ಪಾತ್ರ ಡೇವಿಡ್ ಒಬ್ಬನೇ. ಅವನು ಹೂಜಿಯೊಳಗಿನ ಗಾಜಿನ ನಳಿಕೆ ತೆರೆದು, ಬೆರಳ ಮೇಲಿನ ಹನಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡ್ತಾನಲ್ಲ, ಆ ಕ್ಷಣದಲ್ಲಿ ಒಂದು ಸಣ್ಣ ಪ್ರಯೋಗ ತೋರಿಸಬಹುದಿತ್ತು. ಮಣ್ಣಿನ ಒಂದು ಹುಳಕ್ಕೆ ಒಂದು ಹನಿ, ಇನ್ನೊಂದಕ್ಕೆ ಹತ್ತು ಹನಿ. 20 ಸೆಕೆಂಡಿನ ಶಾಟ್ ಸಾಕಿತ್ತು. ಆಮೇಲೆ ಹಾಲೊವೇ ಗ್ಲಾಸಿಗೆ ಆ ಬೆರಳು ಇಳಿದಾಗ ಏನಾಗುತ್ತೆ ಅಂತ ನಮಗೆ ಗೊತ್ತಿರುತ್ತಿತ್ತು, ಗೊತ್ತಿದ್ದೇ ಭಯವಾಗುತ್ತಿತ್ತು. ನಿಯಮ ಗೊತ್ತಿಲ್ಲದ ಅಪಾಯದಿಂದ ಗಾಬರಿ ಹುಟ್ಟುತ್ತೆ ಅಷ್ಟೆ, ಆತಂಕ ಬೆಳೆಯಲ್ಲ. ‘ಏಲಿಯನ್’ ಗೆದ್ದಿದ್ದೇ ಅಲ್ಲಿ: ಮೊಟ್ಟೆ, ಮುಖಕ್ಕೆ ಅಂಟೋದು, ಎದೆ ಸೀಳಿ ಬರೋದು, ದೊಡ್ಡದಾಗೋದು. ನಾಲ್ಕು ಹಂತ, ಒಂದಾದ ಮೇಲೆ ಒಂದು, ಯಾವ ಪಾತ್ರವೂ ಪಾಠ ಮಾಡಲ್ಲ.

ಟ್ರೈಲೊಬೈಟ್, ಅಂದರೆ ಶಾ ಹೊಟ್ಟೆಯಿಂದ ತೆಗೆದ ಆ ಜೀವಿ, ಬೀಗ ಹಾಕಿದ ಕೋಣೆಯಲ್ಲಿ ಏನೂ ತಿನ್ನದೆ ಕೋಣೆ ತುಂಬೋವಷ್ಟು ಬೆಳೆದದ್ದು ತೂತು ಅಂತಾರೆ. ದ್ರವ್ಯರಾಶಿಯ ಲೆಕ್ಕದಲ್ಲಿ ಹೌದು. ಆದರೆ 1979ರಲ್ಲೂ ಎದೆ ಸೀಳಿ ಬಂದ ಮರಿ ಕೆಲವೇ ಗಂಟೆಗಳಲ್ಲಿ ಆಳೆತ್ತರ ಮೀರಿತ್ತು. ಅಲ್ಲಿ ಒಪ್ಪಿಕೊಂಡು ಇಲ್ಲಿ ಮಾತ್ರ ತಕರಾರು ತೆಗೆಯೋದು ನ್ಯಾಯ ಅಲ್ಲ.

---

ಲೆಕ್ಕದ ಪುಸ್ತಕ ಬರೆದದ್ದು:

ಅಂಕಿಗಳನ್ನು ನೋಡೋಣ, ಅಲ್ಲಿ ವಾದಕ್ಕೆ ಜಾಗ ಕಡಿಮೆ.

ಹಡಗು ಮೊದಲು ಕಾಣಿಸುವಾಗ ಪರದೆ ಮೇಲೆ ಬರೋ ದೂರ 3.27 × 10ರ 14ನೇ ಘಾತ ಕಿ.ಮೀ. ಅಂದರೆ 327 ಲಕ್ಷ ಕೋಟಿ ಕಿ.ಮೀ. ಒಂದು ಜ್ಯೋತಿರ್ವರ್ಷ ಸುಮಾರು 9.46 ಲಕ್ಷ ಕೋಟಿ ಕಿ.ಮೀ. ಭಾಗಿಸಿದರೆ ಸುಮಾರು 34.6 ಜ್ಯೋತಿರ್ವರ್ಷ. ಪಯಣದ ಅವಧಿ ಡೇವಿಡ್ ಬಾಯಲ್ಲಿ 2 ವರ್ಷ, 4 ತಿಂಗಳು, 18 ದಿನ, 36 ಗಂಟೆ, 15 ನಿಮಿಷ. ಅಂದರೆ ಬೆಳಕಿನ ಸುಮಾರು 14.5 ಪಟ್ಟು ವೇಗ. ಈ ಕಥಾಲೋಕದಲ್ಲಿ ಬೆಳಕನ್ನು ಮೀರೋ ಹಡಗುಗಳು ಇರೋದರಿಂದ ಅದು ತೂತಲ್ಲ. ತಪ್ಪಿರೋದು ‘18 ದಿನ, 36 ಗಂಟೆ’ ಅನ್ನೋದರಲ್ಲಿ. 36 ಗಂಟೆ ಅಂದರೆ ಒಂದೂವರೆ ದಿನ, 19 ದಿನ 12 ಗಂಟೆ ಅನ್ನಬೇಕಿತ್ತು. ಮನುಷ್ಯನ ಬಾಯಿತಪ್ಪು ಅಂತ ಬಿಡಬಹುದು, ಆಂಡ್ರಾಯ್ಡ್ ಬಾಯಲ್ಲಿ ಬಂದರೆ ಬಿಡೋಕಾಗಲ್ಲ.

ವಿಕರ್ಸ್ ಒಂದು ಕಡೆ ಭೂಮಿಯಿಂದ ಅರ್ಧ ಬಿಲಿಯನ್ ಮೈಲಿ ಬಂದಿದ್ದೀನಿ ಅಂತಾಳೆ. 50 ಕೋಟಿ ಮೈಲಿ ಅಂದರೆ ಸುಮಾರು 80 ಕೋಟಿ ಕಿ.ಮೀ. ಗುರು ಗ್ರಹ ಸೂರ್ಯನಿಂದ ಸರಾಸರಿ 77.8 ಕೋಟಿ ಕಿ.ಮೀ. ದೂರದಲ್ಲಿದೆ. ಅವಳ ಲೆಕ್ಕದಲ್ಲಿ ಹಡಗು ಇನ್ನೂ ಗುರುವಿನ ಆಸುಪಾಸಿನಲ್ಲೇ ಇದೆ. ಪರದೆ ಮೇಲಿನ ಅಂಕಿಗೂ ಇದಕ್ಕೂ ನಾಲ್ಕು ಲಕ್ಷ ಪಟ್ಟು ವ್ಯತ್ಯಾಸ. ಚಿತ್ರಕಥೆಯ ಕೊನೆ ಕರಡನ್ನು ಯಾರಾದರೂ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿದ್ದರೆ ಸಿಕ್ಕಿಬೀಳುತ್ತಿತ್ತು.

ಗಾಳಿ. ಇಂಗಾಲದ ಡೈಆಕ್ಸೈಡ್ ಶೇ. 3ಕ್ಕಿಂತ ಹೆಚ್ಚು, ಸೂಟ್ ಇಲ್ಲದೆ ಎರಡು ನಿಮಿಷದಲ್ಲಿ ಸಾವು ಅಂತ ಸಿನಿಮಾ ಹೇಳುತ್ತೆ. ಕೆಲಸದ ಜಾಗಗಳಲ್ಲಿ 15 ನಿಮಿಷದ ಮಟ್ಟಿಗೆ ಶೇ. 3ರವರೆಗೆ ಮಿತಿ ಇದೆ, ಶೇ. 4 ಆದರೆ ಜೀವಕ್ಕೆ ತಕ್ಷಣದ ಅಪಾಯ ಅಂತ ಪರಿಗಣಿಸುತ್ತಾರೆ. ಶೇ. 3ರಲ್ಲಿ ಉಸಿರು ಜೋರಾಗುತ್ತೆ, ತಲೆ ನೋಯುತ್ತೆ, ಎರಡು ನಿಮಿಷಕ್ಕೆ ಸಾಯಲ್ಲ. ಶೇ. 10ರ ಮೇಲೆ ಬರೆದಿದ್ದರೆ ಮಾತು ನಿಲ್ಲುತ್ತಿತ್ತು. ಇದು ವಿಜ್ಞಾನದ ತಪ್ಪು, ಕಥೆಯ ತೂತಲ್ಲ, ಯಾಕಂದರೆ ಸಿನಿಮಾ ತನ್ನ ಮಾತಿಗೆ ತಾನು ಬದ್ಧವಾಗಿದೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೂತು ಡಿಎನ್‌ಎ ಹೊಂದಾಣಿಕೆ. ಎಂಜಿನಿಯರ್ ಡಿಎನ್‌ಎ ಮನುಷ್ಯನದ್ದಕ್ಕೆ ಪೂರ್ತಿ ತಾಳೆಯಾಗುತ್ತೆ ಅಂತ ತೋರಿಸ್ತಾರೆ. ಭೂಮಿ ಮೇಲೆ ಜೀವ ಇರೋದು 350 ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ. ಮೊದಲ ಸೀನಿನಲ್ಲಿ ಎಂಜಿನಿಯರ್ ಕೊಟ್ಟ ಬಲಿ ಅಷ್ಟು ಹಿಂದೆ ಆಗಿದ್ದರೆ ವಿಕಾಸ ಸುತ್ತಿ ಸುತ್ತಿ ಮತ್ತೆ ಅದೇ ಡಿಎನ್‌ಎಗೆ ಬಂದು ನಿಲ್ಲೋದು ಅಸಾಧ್ಯ. ಇತ್ತೀಚೆಗೆ ಆಗಿದ್ದರೆ, ನಮ್ಮ ಜೊತೆ ಶೇ. 98ಕ್ಕೂ ಹೆಚ್ಚು ಡಿಎನ್‌ಎ ಹಂಚಿಕೊಳ್ಳೋ ಚಿಂಪಾಂಜಿ ಎಲ್ಲಿಂದ ಬಂತು? ಬೇಸರ ಏನಂದರೆ ಜೀವಶಾಸ್ತ್ರಜ್ಞ ಮಿಲ್‌ಬರ್ನ್ ಮೊದಲ ಸಭೆಯಲ್ಲೇ ಡಾರ್ವಿನ್ ಹೆಸರೆತ್ತಿ ಇದೇ ಪ್ರಶ್ನೆ ಕೇಳ್ತಾನೆ. ಉತ್ತರವಾಗಿ ಶಾ ತನ್ನ ನಂಬಿಕೆಯನ್ನು ಹೇಳ್ತಾಳೆ, ಮುಂದಿನ ಒಂದೂವರೆ ಗಂಟೆ ಸಿನಿಮಾ ಆ ಪ್ರಶ್ನೆ ಕಡೆ ತಿರುಗಿ ನೋಡಲ್ಲ.

---

ಕೊನೇ ಸಾಲು ಬರೆದದ್ದು:

ಡಿಎನ್‌ಎ ವಿಷಯ ಒಪ್ಪಿದೆ. ಆದರೆ ಪಾತ್ರಗಳ ಪೆದ್ದುತನ ಅಂತ ಕರೆಯೋದರಲ್ಲಿ ಅರ್ಧ ಭಾಗ ಕ್ಯಾಮೆರಾ ತಪ್ಪು.

ವಿಕರ್ಸ್ ಓಟವನ್ನೇ ತಗೊಳ್ಳಿ. ಕುದುರೆಲಾಳದ ಆಕಾರದ ಆ ಹಡಗು ಅಂಚಿನ ಮೇಲೆ ನಿಂತು ಉರುಳಿ ಬರುತ್ತೆ, ವಿಕರ್ಸ್, ಶಾ ಇಬ್ಬರೂ ಅದು ಬರೋ ದಿಕ್ಕಿನಲ್ಲೇ ನೇರ ಓಡ್ತಾರೆ. ನಮಗದು ಪೆದ್ದುತನ ಅನಿಸೋದು ದೂರದಿಂದ, ಎತ್ತರದಿಂದ ತೆಗೆದ ಶಾಟ್ ಇರೋದರಿಂದ. ಎಡಕ್ಕೋ ಬಲಕ್ಕೋ ಸ್ವಲ್ಪ ಸರಿದರೆ ಸಾಕು ಅಂತ ಆ ಶಾಟೇ ಹೇಳಿಕೊಡುತ್ತೆ. ನೆಲದ ಮೇಲಿರುವವಳಿಗೆ ತಲೆ ಮೇಲೆ ಕವಿದ ನೆರಳು ಬಿಟ್ಟು ಏನೂ ಕಾಣಲ್ಲ, ಸುತ್ತ ಚೂರುಗಳು ಬೀಳ್ತಾ ಇರುತ್ತವೆ. ಇಡೀ ಸೀನನ್ನು ಅವಳ ಭುಜದ ಮಟ್ಟದಲ್ಲಿ, ಧೂಳಿನೊಳಗೆ ತೆಗೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಶಾ ಬದುಕೋದು ಕೂಡ ಜಾಣತನದಿಂದ ಅಲ್ಲ, ಎಡವಿ ಬಿದ್ದು ಪಕ್ಕಕ್ಕೆ ಉರುಳಿದ್ದರಿಂದ.

ಫೈಫೀಲ್ಡ್ ದಾರಿ ತಪ್ಪೋದಕ್ಕೆ ಮಾತ್ರ ನನ್ನ ಬಳಿ ಸಮರ್ಥನೆ ಇಲ್ಲ. ನಕ್ಷೆ ತೆಗೆಯೋ ಹಾರುವ ಯಂತ್ರಗಳನ್ನು ಬಿಟ್ಟವನು ಅವನೇ. ಆ ನಕ್ಷೆ ಹಡಗಿನ ಮೇಜಿನ ಮೇಲೆ ಮೂರು ಆಯಾಮದಲ್ಲಿ ಎದ್ದು ನಿಂತಿದೆ, ಹಡಗಿನ ಕ್ಯಾಪ್ಟನ್ ಜಾನೆಕ್ ಅದರ ಪಕ್ಕದಲ್ಲಿದ್ದಾನೆ, ರೇಡಿಯೊದಲ್ಲಿ ಫೈಫೀಲ್ಡ್, ಮಿಲ್‌ಬರ್ನ್ ಜೊತೆ ಮಾತೂ ಆಡ್ತಾನೆ. ಅವರಿಗಿಂತ ತಡವಾಗಿ ಹೊರಟವರು ಬಿರುಗಾಳಿ ಹೊತ್ತಿಗೆ ಹಡಗು ಸೇರಿಯೂ ಆಯಿತು. ಬಿರುಗಾಳಿಯ ಸ್ಥಾಯೀ ವಿದ್ಯುತ್ತಿನಿಂದ ನಕ್ಷೆಯೇ ಕೆಟ್ಟು ತಪ್ಪು ದಾರಿ ತೋರಿಸಿತು ಅನ್ನೋ ಒಂದು ಸಾಲು ಸಾಕಿತ್ತು. ಅವನು ತನ್ನ ಯಂತ್ರವನ್ನು ನಂಬಿದ್ದರಿಂದಲೇ ಸಿಕ್ಕಿಬಿದ್ದ ಅಂತಾಗಿ, ಪಾತ್ರದ ಮರ್ಯಾದೆಯೂ ಉಳಿಯುತ್ತಿತ್ತು.

ತಾನೇ ಆಪರೇಷನ್ ಮಾಡೋ ಯಂತ್ರ ಮೆಡ್‌ಪಾಡನ್ನು ಗಂಡಸರಿಗೆ ಮಾತ್ರ ಹೊಂದಿಸಿದ್ದು ತೂತು ಅಂತಾರಲ್ಲ, ಅದು ಈ ಚಿತ್ರಕಥೆಯ ಒಳ್ಳೆಯ ಕೆಲಸಗಳಲ್ಲೊಂದು. ವಿಕರ್ಸ್ ಕೋಣೆಯಲ್ಲಿ ಹೆಂಗಸಿಗೆ ಒಗ್ಗದ ಯಂತ್ರ ಯಾಕಿದೆ ಅನ್ನೋ ಪ್ರಶ್ನೆಯೇ ವೇಲ್ಯಾಂಡ್ ಹಡಗಿನಲ್ಲಿದ್ದಾನೆ ಅನ್ನೋದರ ಸುಳಿವು. ಅದರೊಳಗೆ ಮಲಗಿ ಹೊಟ್ಟೆಯಲ್ಲಿದ್ದದ್ದನ್ನು ತೆಗೆಸಿಕೊಂಡ ಕೂಡಲೇ ಶಾ ಓಡೋದು ಕಷ್ಟ, ನಿಜ. ಸಾಮಾನ್ಯ ಸಿಸೇರಿಯನ್ ಆದವರಿಗೇ ಚೇತರಿಸಿಕೊಳ್ಳಲು ಸುಮಾರು ಆರು ವಾರ ಬೇಕು. ಆದರೂ ಅವಳು ಇಂಜೆಕ್ಷನ್ ಚುಚ್ಚಿಕೊಳ್ಳುತ್ತಲೇ ಇರ್ತಾಳೆ, ನೋವಿಗೆ ಬಾಗುತ್ತಾಳೆ. ಅಷ್ಟಕ್ಕೆ ಒಪ್ಪಬಹುದು. ನನಗೆ ಒಪ್ಪೋಕೆ ಆಗದಿರೋದು ಅದರ ನಂತರದ್ದು. ಮೈಯೆಲ್ಲ ರಕ್ತ, ಹೊಟ್ಟೆ ಮೇಲೆ ಸ್ಟೇಪಲ್ ಸಾಲು, ಹಾಗೇ ಅವಳು ವೇಲ್ಯಾಂಡ್ ಕೋಣೆಗೆ ಬರ್ತಾಳೆ. ಅವಳ ಕೈಲಿ ಏಟು ತಿಂದಿದ್ದ ತಂಡದ ವೈದ್ಯೆ ಫೋರ್ಡ್ ಅಲ್ಲೇ ಇದ್ದಾಳೆ. ಹೊಟ್ಟೆಯಲ್ಲಿದ್ದದ್ದು ಏನಾಯ್ತು, ಈಗ ಎಲ್ಲಿದೆ ಅಂತ ಒಬ್ಬರೂ ಕೇಳಲ್ಲ! ಫೈಫೀಲ್ಡ್ ಬಂದು ಅಷ್ಟು ಜನರನ್ನು ಕೊಂದ ಮೇಲೂ ಅದೇ ಮೌನ. ಒಂದು ಘಟನೆ ಮುಂದಿನ ಸೀನಿನಲ್ಲಿ ಯಾರ ಮುಖದ ಮೇಲೂ ಉಳಿಯದಿದ್ದರೆ, ಅದು ನಡೆದೇ ಇಲ್ಲ ಅನ್ನೋ ಹಾಗಾಗುತ್ತೆ. ಜನ ‘ಏನೋ ಸರಿ ಇಲ್ಲ’ ಅಂದುಕೊಂಡು ಹೆಲ್ಮೆಟ್, ಹಾವು ಅಂತ ಬೈಯೋದರ ಮೂಲ ಇದೇ ಅಂತ ನನ್ನ ಅನಿಸಿಕೆ.

---

ಕಾಗದದ ರಾಕೆಟ್:

ಕೊನೆಯ ಮಾತು ಸರಿಯಾಗಿ ಹಿಡಿದಿರಿ, ಆ ದೃಷ್ಟಿಯಿಂದ ನೋಡಿರಲಿಲ್ಲ. ಆದರೆ ಗುಹೆ ಚಿತ್ರದಲ್ಲಿ ಎಂಜಿನಿಯರ್‌ಗಳು ಬಿಟ್ಟುಹೋದ ನಕ್ಷತ್ರಗಳ ನಕ್ಷೆಯ ವಿಷಯ ಯಾರೂ ಎತ್ತಲಿಲ್ಲ. ಮನುಷ್ಯರನ್ನು ಆಯುಧಗಳ ಉಗ್ರಾಣಕ್ಕೆ ಆಹ್ವಾನಿಸಿದ್ದು ಯಾಕೆ? ಮತ್ತೆ 1979ರ ಜೋಡಣೆ?

---

ಮೂರನೇ ಅಂಕ:

‘ಆಹ್ವಾನ’ ಅನ್ನೋ ಪದ ಶಾ ಮತ್ತು ಹಾಲೊವೇದು. ಗುಹೆ ಚಿತ್ರದಲ್ಲಿ ಇರೋದು ಚುಕ್ಕಿಗಳತ್ತ ಬೆರಳು ತೋರಿಸೋ ದೊಡ್ಡ ಆಕೃತಿ ಅಷ್ಟೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಆ ಚಿತ್ರ 35,000 ವರ್ಷ ಹಳೆಯದು, ಈ ಕಥೆ ನಡೆಯೋ ಚಂದ್ರ ಎಲ್‌ವಿ-223ರ ಎಂಜಿನಿಯರ್‌ಗಳು ಸತ್ತದ್ದು ಸುಮಾರು 2,000 ವರ್ಷದ ಹಿಂದೆ. ನಡುವಿನ 33,000 ವರ್ಷದಲ್ಲಿ ಅವರ ಮನಸ್ಸು ಬದಲಾಗಿರಬಹುದು, ಆ ಜಾಗದ ಬಳಕೆ ಬದಲಾಗಿರಬಹುದು. ಆಯುಧದ ಉಗ್ರಾಣ ಅನ್ನೋದೂ ಜಾನೆಕ್‌ನ ಊಹೆ. ತಪ್ಪು ಓದಿಕೊಂಡು ಹೋದವರ ಕಥೆ ಅಂತ ನೋಡಿದರೆ ಇದು ತೂತಲ್ಲ, ಮೌನ.

ಕೊನೆಯಲ್ಲಿ ಎಂಜಿನಿಯರ್ ಶಾಳನ್ನು ಹುಡುಕಿಕೊಂಡು ಬರೋದು ಮಾತ್ರ ತೂತು. ಅಲ್ಲಿ ಬೇರೆ ಹಡಗುಗಳೂ ಇವೆ ಅಂತ ಸ್ವಲ್ಪ ಹೊತ್ತಿಗೆ ಡೇವಿಡ್ಡೇ ಹೇಳ್ತಾನೆ. ಭೂಮಿಯನ್ನು ನಾಶ ಮಾಡೋದೇ ಗುರಿಯಾದರೆ, ತನ್ನ ಹಡಗು ಬಿದ್ದ ಮೇಲೆ ಇನ್ನೊಂದು ಹಡಗು ಹತ್ತಬೇಕಿತ್ತು. ಶಾ ಸೇರಿದ್ದ ಲೈಫ್‌ಬೋಟ್‌ಗೆ (ತುರ್ತು ನೌಕೆ) ಅವನನ್ನು ತಂದದ್ದು ಅವನ ಉದ್ದೇಶ ಅಲ್ಲ, ಟ್ರೈಲೊಬೈಟ್ ಜೊತೆ ಅವನ ಮುಖಾಮುಖಿ ಆಗಬೇಕು ಅನ್ನೋ ಚಿತ್ರಕಥೆಯ ಅಗತ್ಯ.

---

ಲೆಕ್ಕದ ಪುಸ್ತಕ:

1979ರ ಜೋಡಣೆಗೆ ಬಂದರೆ, ಮೊದಲು ಒಂದು ಗೊಂದಲ ಬಿಡಿಸಬೇಕು. ಇದು ಎಲ್‌ವಿ-223, ‘ಏಲಿಯನ್’ನ ಚಂದ್ರ ಎಲ್‌ವಿ-426, ಆ ಹೆಸರು ಬಂದದ್ದೂ 1986ರ ಎರಡನೇ ಸಿನಿಮಾದಲ್ಲಿ. ಇಲ್ಲಿನ ಎಂಜಿನಿಯರ್ ಸಾಯೋದು ಲೈಫ್‌ಬೋಟ್‌ನಲ್ಲಿ, ಅಲ್ಲಿನವನು ಕುರ್ಚಿಯಲ್ಲೇ ಸತ್ತಿದ್ದಾನೆ. ಅದೇ ಹಡಗಲ್ಲ, ಅದೇ ದೇಹವೂ ಅಲ್ಲ. ಹಾಗಾಗಿ ‘ಕೊನೆ ಸೀನ್ ಹೊಂದಲ್ಲ’ ಅನ್ನೋ ದೂರು ನಿಲ್ಲಲ್ಲ.

ಗಾತ್ರದ ದೂರು ನಿಲ್ಲುತ್ತೆ. 1979ರಲ್ಲಿ ಆ ಕುರ್ಚಿಯ ಸೆಟ್ ಇನ್ನೂ ದೊಡ್ಡದಾಗಿ ಕಾಣಲಿ ಅಂತ ಎರಡೂ ಸಿನಿಮಾಗಳ ನಿರ್ದೇಶಕ ರಿಡ್ಲಿ ಸ್ಕಾಟ್ ಪುಟ್ಟ ಸ್ಪೇಸ್‌ಸೂಟ್ ಹೊಲಿಸಿ ಮಕ್ಕಳನ್ನು ನಿಲ್ಲಿಸಿದ್ದರು, ಅವರಲ್ಲಿ ಸ್ಕಾಟ್‌ರ ಮಕ್ಕಳೂ ಇದ್ದರು. ಪರದೆ ಮೇಲಿನ ಆ ದೈತ್ಯನಿಗೂ ಈ ಎಂಜಿನಿಯರ್‌ಗೂ ಅಳತೆ ಕೂಡಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ‘ಪ್ರೊಮೀಥಿಯಸ್’ನ ಮುಂದಿನ ಭಾಗ, 2017ರ ‘ಏಲಿಯನ್: ಕವನೆಂಟ್’. ಅದರ ಕಥೆ ನಡೆಯೋದು 2104ರಲ್ಲಿ, ಮೊಟ್ಟೆಗಳನ್ನು ರೂಪಿಸಿದವನು ಡೇವಿಡ್ ಅನ್ನೋ ಹಾಗೆ ತೋರಿಸ್ತಾರೆ. ‘ಏಲಿಯನ್’ನ ಹಡಗು ನಾಸ್ಟ್ರೊಮೊ ಎಲ್‌ವಿ-426ಕ್ಕೆ ಇಳಿಯೋದು 2122ರಲ್ಲಿ. ನಡುವೆ 18 ವರ್ಷ. ಕುರ್ಚಿಯಲ್ಲಿರೋ ದೇಹವನ್ನು ನೋಡಿದ ಅದರ ಕ್ಯಾಪ್ಟನ್ ಡಲ್ಲಾಸ್ ಅದು ಪಳೆಯುಳಿಕೆಯಾಗಿದೆ, ಸತ್ತು ಬಹಳ ಕಾಲವಾಗಿದೆ ಅಂತಾನೆ. ಎದೆಯ ಮೂಳೆಗಳು ಒಳಗಿನಿಂದ ಹೊರಕ್ಕೆ ಬಾಗಿವೆ. 18 ವರ್ಷದಲ್ಲಿ ಆ ಸ್ಥಿತಿ ಬರಲ್ಲ. ಜೊತೆಗೆ ‘ಪ್ರೊಮೀಥಿಯಸ್’ನ ಹೂಜಿಗಳ ಕೋಣೆಯ ಗೋಡೆಯ ಮೇಲೆ ಅದೇ ಜೀವಿಯನ್ನು ಹೋಲೋ ಉಬ್ಬುಶಿಲ್ಪ ಇದೆ, ಅದಕ್ಕೆ ಕನಿಷ್ಠ 2,000 ವರ್ಷ.

---

ಕೊನೇ ಸಾಲು:

ಆ ಉಬ್ಬುಶಿಲ್ಪವೇ ದಾರಿ ಬಿಡಿಸುತ್ತೆ. ಡೇವಿಡ್ ಹೊಸದಾಗಿ ಸೃಷ್ಟಿ ಮಾಡಿದ್ದಲ್ಲ, ಎಂಜಿನಿಯರ್‌ಗಳಿಗೆ ಮೊದಲೇ ಗೊತ್ತಿದ್ದ ಜೀವಿಗೆ ತನ್ನದೇ ದಾರಿಯಲ್ಲಿ ಬಂದು ತಲುಪಿದ ಅಂತ ಓದಿದರೆ ಎಲ್‌ವಿ-426ರ ಹಡಗು ಎಷ್ಟು ಹಳೆಯದಾದರೂ ಇರಬಹುದು. ‘ಕವನೆಂಟ್’ ಇದನ್ನು ಬಾಯಿಬಿಟ್ಟು ಹೇಳಲ್ಲ, ಅಲ್ಲಗಳೆಯೋದೂ ಇಲ್ಲ. ಗೋಡೆಯ ಆ ಶಾಟ್‌ನಲ್ಲಿ ಟಾರ್ಚಿನ ಬೆಳಕು ಸರಿಯುವಾಗ ಒಮ್ಮೆ ನಿಲ್ಲಿಸಿ ನೋಡಿ: ಉದ್ದ ತಲೆ, ಚಾಚಿದ ತೋಳು, ಕೆಳಗೆ ಹಸಿರು ಹರಳಿನ ಬಟ್ಟಲು.